ದೀಪದ ಮನೆ, ಗಣಿಯ ಬಾಯಿ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಕುಳಿತು ಕಡಲಿನ ಮಾತೆತ್ತಿದರೆ ಪಕ್ಕದವರು ನಕ್ಕಾರು. ಕೋಲಾರದ ಸೀಮೆಗೆ ಕಡಲಿಲ್ಲ. ಬೇತಮಂಗಲದ ಕೆರೆಗೆ ನೀರು ತರಬೇಕಾದ ಪಾಲಾರ್ ನದಿಯೂ ವರ್ಷದ ಬಹುಭಾಗ ಬರಿಯ ಮರಳು. ಆದರೆ ಈ ಸೀಮೆಯಲ್ಲಿಯೂ ಒಂದು ಆಳವಿತ್ತು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಕಡಲಿನಂತೆ ಅದೂ ಹೊಟ್ಟೆಗೆ ಅನ್ನ ಕೊಡುತ್ತಿತ್ತು. ಕಡಲಿನಂತೆಯೇ ಆಗಾಗ ಮನುಷ್ಯರನ್ನು ನುಂಗುತ್ತಿತ್ತು. ಆಳಕ್ಕೆ ಸಿಕ್ಕವರನ್ನು ಎತ್ತಿ ತರಲು ಯಾರು ಹೋಗಬೇಕು? ಹೆಂಗಸು ಹೋಗಬಹುದೆ? ಇದನ್ನು ನಿರ್ಧರಿಸಿದ್ದು ತೋಳಿನ ಬಲವೆ, ಅಥವಾ ಬೇರೆ ಏನಾದರೂ ಉಂಟೆ? ಒಂದು ಕಡಲಿನ ಕಥೆಯನ್ನೂ ಒಂದು ಗಣಿಯ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರ ತೋರೀತು.

ಮೊದಲು ಕಡಲಿನ ಕಥೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ನ್ಯೂಪೋರ್ಟ್ ಎಂಬ ಬಂದರಿದೆ. ಅದರೊಳಗಿನ ಲೈಮ್ ರಾಕ್ ಎಂಬ ಪುಟ್ಟ ಬಂಡೆಯ ಮೇಲೆ ಹಡಗುಗಳಿಗೆ ದಾರಿ ತೋರುವ ದೀಪವಿತ್ತು. ದೀಪಕ್ಕೆ ಅಂಟಿಕೊಂಡಂತೆ ಕಾವಲುಗಾರನ ಮನೆಯಿತ್ತು. 1842ರಲ್ಲಿ ಹುಟ್ಟಿದ ಐಡಾ ಲೂಯಿಸ್ ಆ ಕಾವಲುಗಾರನ ಮಗಳು. 1857ರಲ್ಲಿ ತಂದೆಗೆ ಲಕ್ವ ಹೊಡೆಯಿತು. ಅಲ್ಲಿಂದ ಮುಂದೆ ದೀಪಕ್ಕೆ ಎಣ್ಣೆ ಹಾಕುವುದು, ಬತ್ತಿ ಕತ್ತರಿಸುವುದು, ಗಾಜು ಒರೆಸುವುದು, ತಮ್ಮತಂಗಿಯರನ್ನು ದೋಣಿಯಲ್ಲಿ ಶಾಲೆಗೆ ಮುಟ್ಟಿಸುವುದು, ಇವೆಲ್ಲ ತಾಯಿಮಗಳ ಪಾಲಿಗೆ ಬಂದುವು. ಬಂದರಿನಲ್ಲಿ ದೋಣಿ ಮಗುಚಿದಾಗ ಹುಟ್ಟು ಹಿಡಿದು ಹೊರಡುವವಳೂ ಆಕೆಯೇ.

1869ರ ಮಾರ್ಚ್ ತಿಂಗಳಲ್ಲಿ ಬಿರುಗಾಳಿಗೆ ಸಿಕ್ಕಿದ ಇಬ್ಬರು ಸೈನಿಕರನ್ನು ಆಕೆ ತಮ್ಮನೊಡನೆ ಹೋಗಿ ದೋಣಿಗೆ ಎಳೆದುಕೊಂಡಳು. ಪತ್ರಿಕೆಗಳು ಆಕೆಯ ಚಿತ್ರ ಅಚ್ಚುಹಾಕಿದುವು. ದೇಶದ ಅಧ್ಯಕ್ಷ ಗ್ರಾಂಟ್ ಆ ವರ್ಷವೇ ಆಕೆಯನ್ನು ಕಂಡು ಮಾತನಾಡಿಸಿದ. 1881ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಬರುತ್ತಿದ್ದ ಇಬ್ಬರು ಸೈನಿಕರ ಕಾಲಡಿ ಮಂಜು ಒಡೆದಾಗ, ಅದೇ ಒಡಕು ಮಂಜಿನ ಮೇಲೆ ಹಗ್ಗ ಹಿಡಿದು ಓಡಿದಳು. ಅದಕ್ಕಾಗಿ ಸರಕಾರ ಚಿನ್ನದ ಪದಕ ಕೊಟ್ಟಿತು. ಆಕೆ ಉಳಿಸಿದ ಜೀವಗಳು ಹದಿನೆಂಟು ಎಂದು ಲೆಕ್ಕ. ಅರುವತ್ತು ದಾಟಿದ ಮೇಲೂ ಹುಟ್ಟು ಹಾಕುವುದನ್ನು ಬಿಡಲಿಲ್ಲ. 1911ರಲ್ಲಿ ಸಾಯುವವರೆಗೂ ದೀಪ ಆಕೆಯ ವಶದಲ್ಲಿಯೇ ಇತ್ತು.

ಪದಕದ ಹೊಳಪಿನಲ್ಲಿ ಮರೆತುಹೋಗುವ ಸಂಗತಿ ಒಂದುಂಟು. ಸರಕಾರದ ದಫ್ತರದಲ್ಲಿ ಕಾವಲುಗಾರನೆಂದು 1872ರವರೆಗೆ ಇದ್ದ ಹೆಸರು ಹಾಸಿಗೆ ಹಿಡಿದ ತಂದೆಯದು, ಆಮೇಲೆ ತಾಯಿಯದು. ಐಡಾಳ ಹೆಸರು ಏರಿದ್ದು 1879ರಲ್ಲಿ. ಇಪ್ಪತ್ತೆರಡು ವರ್ಷ ಕೆಲಸ ನಡೆದಿತ್ತು, ಹುದ್ದೆ ಇರಲಿಲ್ಲ. ಅಧ್ಯಕ್ಷನೇ ಬಂದು ಹೊಗಳಿದ ಮೇಲೂ ಹುದ್ದೆ ಕೈಗೆ ಬರಲು ಹತ್ತು ವರ್ಷ ಹಿಡಿಯಿತು!

ಹಾಗಾದರೆ ಆ ಕಾಲದಲ್ಲಿ ಹೆಂಗಸಿಗೆ ಈ ಕೆಲಸ ದೊರೆತದ್ದಾದರೂ ಹೇಗೆ? ಸರಕಾರದ ಔದಾರ್ಯದಿಂದಲ್ಲ. ದೀಪವೂ ಅಡಿಗೆಮನೆಯೂ ಒಂದೇ ಸೂರಿನಡಿ ಇದ್ದುವು. ಮನೆಗೆಲಸ ಎಲ್ಲಿ ಮುಗಿಯಿತು, ಸರಕಾರಿ ಕೆಲಸ ಎಲ್ಲಿ ತೊಡಗಿತು ಎಂದು ಗೆರೆ ಎಳೆಯುವಂತಿರಲಿಲ್ಲ. ಆ ಗೆರೆ ಬಿದ್ದ ಕಡೆಗಳಲ್ಲಿ ನಡೆದದ್ದೇ ಬೇರೆ. ಆಸ್ಟ್ರೇಲಿಯದ ಸಿಡ್ನಿಯ ಕಡಲತೀರದಲ್ಲಿ ಮುಳುಗುವವರನ್ನು ಕಾಯುವ ಸಂಘಗಳು 1907ರಲ್ಲಿ ಒಂದಾಗಿ ನಿಯಮ, ಪರೀಕ್ಷೆ, ಪದಕಗಳನ್ನು ಏರ್ಪಡಿಸಿದುವು. ಅಂಥ ಸಂಘಗಳಲ್ಲಿ ಹೆಂಗಸರಿಗೆ ಗಂಡಸರ ಸಮಕ್ಕೆ ತೀರದ ಕಾವಲು ದೊರೆತದ್ದು 1980ರಲ್ಲಿ. ಅಲೆ ಅಂದೂ ಇಂದೂ ಒಂದೇ. ಹೆಂಗಸರನ್ನು ತಡೆದದ್ದು ಅಲೆಯಲ್ಲ, ಸಂಘದ ಬಾಗಿಲು.

ಈಗ ನಮ್ಮ ಗಣಿಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಚಿನ್ನದ ಗಣಿ ಬೆಳೆಯಿತು. ಇಲ್ಲಿ ಮನೆಗೂ ಕೆಲಸಕ್ಕೂ ನಡುವೆ ಗಣಿಯ ಬಾಯಿ ಇತ್ತು. ಕೆಳಗೆ ಇಳಿಯುವವರು ಗಂಡಸರು. ಮೇಲಿನ ಕೆಲಸಗಳಲ್ಲಿ ಹೆಂಗಸರೂ ಇದ್ದರು. ಆಳ ಹೆಚ್ಚಿದಂತೆಲ್ಲ ಬಂಡೆಯ ಮೇಲಣ ಒತ್ತಡ ಹೆಚ್ಚಿ ಅದು ಸಿಡಿಯುತ್ತಿತ್ತು. ಅಂಥ ಸಿಡಿತದ ನಡುಕ ಮೇಲಿನ ಊರಿಗೂ ತಿಳಿಯುತ್ತಿತ್ತು. ಅಡಿಗೆಮನೆಯ ಪಾತ್ರೆ ಅಲುಗಿದಾಗ ಹೆಂಡತಿ, ತಾಯಿ, ಮಗಳಿಗೆ ಉಳಿದದ್ದು ಕಾಯುವುದೊಂದೇ. ಸಿಡಿದ ಬಂಡೆಯ ಕೆಳಗೆ ಹೋಗಿ ಜೀವ ತರಬೇಕಾದರೆ ಆ ಬಂಡೆಯ ಸ್ವಭಾವ ಬಲ್ಲವರೇ ಬೇಕು. ಆ ತಿಳಿವಳಿಕೆ ವರ್ಷಗಟ್ಟಲೆ ಕೆಳಗೆ ದುಡಿದವರಿಗೆ ಮಾತ್ರ ಬರತಕ್ಕದ್ದು. ಕೆಳಗೆ ಇಳಿಯುವ ಹಕ್ಕಿಲ್ಲದವಳು ಎತ್ತಿ ತರುವ ವಿದ್ಯೆಯನ್ನು ಕಲಿಯುವುದಾದರೂ ಎಲ್ಲಿ?

ರೂಢಿಗೆ ಕಾನೂನೂ ಜೊತೆಯಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ನಿಯಮಗಳು ಹೆಂಗಸರನ್ನು ನೆಲದಡಿಯ ಕೆಲಸದಿಂದ ಕ್ರಮಕ್ರಮವಾಗಿ ಹೊರಕ್ಕೆ ತಂದುವು. 1939ರ ಹೊತ್ತಿಗೆ ಆ ಕಾರ್ಯ ಮುಗಿಯಿತು. ಅದನ್ನು ಬೇಡಿದವರಲ್ಲಿ ದಯಾವಂತರೂ ಇದ್ದರು. ಕಲ್ಲಿದ್ದಲ ಗಣಿಯ ಕತ್ತಲೆಯಲ್ಲಿ ಬಸುರಿಯರು ಹೊರೆ ಹೊರುತ್ತಿದ್ದುದನ್ನು ಕಂಡು ಮರುಗಿದವರು ಅವರು. ಆದರೆ ಯುದ್ಧಕಾಲದಲ್ಲಿ, 1943ರಿಂದ 1946ರವರೆಗೆ, ಸರಕಾರವೇ ಕಲ್ಲಿದ್ದಲ ಗಣಿಗಳಲ್ಲಿ ಆ ನಿಷೇಧವನ್ನು ಎತ್ತಿತು. ಇದ್ದಲು ಬೇಕಾದಾಗ ಹೆಣ್ಣಿನ ಮೈ ಗಟ್ಟಿ, ಬೇಡವಾದಾಗ ಸುಕುಮಾರ! ಸ್ವತಂತ್ರ ಭಾರತದ 1952ರ ಗಣಿ ಕಾಯಿದೆ ನಿಷೇಧವನ್ನು ಇಡೀ ದೇಶಕ್ಕೆ ಅನ್ವಯಿಸಿತು. ಕೋಲಾರದ ಗಣಿಗಳೂ ಅದರೊಳಗೆ ಬಂದುವು.

ಆ ಬಾಗಿಲು ತುಸು ತೆರೆದದ್ದು 2019ರಲ್ಲಿ. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ, ಒಪ್ಪಿಗೆ ಕೊಟ್ಟ ಹೆಂಗಸರು ಹಗಲು ಹೊತ್ತಿನಲ್ಲಿ ಕೆಳಗೆ ಇಳಿಯಬಹುದೆಂದು ಕೇಂದ್ರ ಸರಕಾರ ಅನುಮತಿ ಕೊಟ್ಟಿತು. ರಾಜಸ್ಥಾನದ ಸತುವಿನ ಗಣಿಗಳಲ್ಲಿ ಈಗ ಹೆಂಗಸರದೇ ರಕ್ಷಣಾ ತಂಡ ಸಿದ್ಧವಾಗಿದೆ. ನಮ್ಮ ಗಣಿಗೆ ಆ ಭಾಗ್ಯ ಬರಲಿಲ್ಲ. 2001ರ ಫೆಬ್ರವರಿ 28ರಂದು ಅದು ಮುಚ್ಚಿಹೋಯಿತು. ಕಡಲಿಲ್ಲದ ಊರಿನ ಸುರಂಗಗಳಲ್ಲಿ ಈಗ ನೀರು ನಿಂತಿದೆ.

ಲೈಮ್ ರಾಕ್ ಬಂಡೆಗೆ 1924ರಲ್ಲಿ ಐಡಾ ಲೂಯಿಸಳ ಹೆಸರನ್ನೇ ಇಟ್ಟರು. ನಮ್ಮ ಶಾಫ್ಟುಗಳ ಹೆಸರು ಎಡ್ಗರ್, ಗಿಫರ್ಡ್, ಹೆನ್ರಿ. ಅವುಗಳ ಬಾಯಿಯ ಬಳಿ ದುಡಿದ, ಕಾದ, ಗಾಯಗೊಂಡು ಮೇಲೆ ಬಂದವರ ಆರೈಕೆ ಮಾಡಿದ ಹೆಂಗಸರಲ್ಲಿ ಹಲವರು ರಾಬರ್ಟ್‌ಸನ್‌ಪೇಟೆಯ, ಊರಿಗಾಮಿನ ಲೈನುಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತು ತಮಿಳಿರಬಹುದು, ತೆಲುಗಿರಬಹುದು, ಕನ್ನಡವಿರಬಹುದು. ಚರಿತ್ರೆ ಓದುವ ನಮ್ಮ ಹುಡುಗರು ಒಂದು ಪುಸ್ತಕ ಹಿಡಿದು ಹೋಗಿ, ಅವರ ಹೆಸರನ್ನೂ ಮಾಡಿದ ಕೆಲಸವನ್ನೂ ದುಡಿದ ವರ್ಷಗಳನ್ನೂ ಬರೆದುಕೊಳ್ಳಲಿ. ಇಪ್ಪತ್ತೆರಡು ವರ್ಷ ತಡವಾದರೂ ನ್ಯೂಪೋರ್ಟಿನ ದಫ್ತರ ಒಂದು ಹೆಸರನ್ನು ಸೇರಿಸಿಕೊಂಡಿತು. ನಮಗೆ ಅಷ್ಟು ಕಾಲಾವಕಾಶವಿಲ್ಲ. ಆ ಅಜ್ಜಿಯರ ವಯಸ್ಸು ಅದನ್ನು ಹೇಳುತ್ತಿದೆ.