1971ರಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿ 2021ರಲ್ಲಿ ನಿವೃತ್ತಿಯಾದದ್ದು ಹೇಗೆ?

ಐಎನ್‌ಎಸ್ ಖುಕ್ರಿ 1971ರ ಯುದ್ಧದಲ್ಲಿ ಮುಳುಗಿತು. ಐಎನ್‌ಎಸ್ ಖುಕ್ರಿ 2021ರಲ್ಲಿ ಸೇವೆಯಿಂದ ನಿವೃತ್ತಿಯಾಯಿತು. ಇವೆರಡರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ. ಹೆಸರು ಒಂದೇ, ಹಡಗುಗಳು ಎರಡು.

ಒಂದೇ ಹೆಸರು ಏಕೆ?

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ನೌಕಾಪಡೆಯೂ ಹಾಗೆಯೇ, ಹಳೆಯ ಹಡಗಿನ ಹೆಸರನ್ನು ಹೊಸದಕ್ಕೆ ಇಡುತ್ತದೆ. ಅಮೆರಿಕ, ಬ್ರಿಟನ್ ನೌಕಾಪಡೆಗಳಲ್ಲೂ ಈ ಪದ್ಧತಿ ಇದೆ.

ಖುಕ್ರಿ: 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಮೊದಲ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅದೇ ಹೆಸರಿನ ಎರಡನೇ ಹಡಗು 1989ರಲ್ಲಿ ಸೇವೆಗೆ ಸೇರಿ, 2021ರ ಡಿಸೆಂಬರ್ 23ರಂದು ನಿವೃತ್ತಿಯಾಯಿತು. ಅದನ್ನು ದಿಯುವಿಗೇ ಒಪ್ಪಿಸಲಾಗಿದೆ.

ಮೈಸೂರು: ಮೊದಲ ಐಎನ್‌ಎಸ್ ಮೈಸೂರು ಬ್ರಿಟನ್ನಿನಿಂದ ಕೊಂಡ ಹಡಗು. ಅಲ್ಲಿ ಅದರ ಹೆಸರು ನೈಜೀರಿಯಾ. 1957ರಿಂದ 1985ರವರೆಗೆ ನಮ್ಮಲ್ಲಿ ಸೇವೆ ಸಲ್ಲಿಸಿತು. ಈಗಿನದು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು, 1999ರಲ್ಲಿ ಸೇರಿದ್ದು.

ವಿಕ್ರಾಂತ್: ಹಳೆಯದು 1961ರಿಂದ 1997ರವರೆಗೆ ಸೇವೆಯಲ್ಲಿತ್ತು. 2014ರಲ್ಲಿ ಅದನ್ನು ಗುಜರಿಗೆ ಹಾಕಿದರು. ಅದರ ಉಕ್ಕು ಬಜಾಜ್ ವಿ15 ಬೈಕಿಗೂ ಬಳಕೆಯಾಯಿತು. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಸೇರಿತು. 1971ರ ಯುದ್ಧದಲ್ಲಿ ಇದ್ದದ್ದು ಹಳೆಯದು, ಹೊಸದಲ್ಲ.

ಐಎನ್‌ಎಸ್ ಎಂದರೆ ಹಡಗೇ?

ಯಾವಾಗಲೂ ಅಲ್ಲ. ಕಾರವಾರದ ಐಎನ್‌ಎಸ್ ಕದಂಬ ನೀರಿನ ಮೇಲೆ ತೇಲುವ ಹಡಗಲ್ಲ, ನೌಕಾನೆಲೆ. 2005ರಲ್ಲಿ ಆರಂಭವಾಯಿತು. ದಡದ ಮೇಲಿನ ನೆಲೆಗಳಿಗೂ ಹಡಗಿನಂತೆ ಹೆಸರಿಡುವುದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ.

ಆ ಹೆಸರು ಕದಂಬ ವಂಶದ್ದು. ಬನವಾಸಿಯ ಕದಂಬರ ನಂತರ ಅದೇ ಹೆಸರಿನ ಶಾಖೆಯೊಂದು ಹಾನಗಲ್ಲಿನಲ್ಲಿ, ಅಂದರೆ ಹಿಂದಿನ ಪಾನುಂಗಲ್ಲಿನಲ್ಲಿ, ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಆಳಿತು. ಅಂದರೆ ಹೆಸರನ್ನು ಮುಂದಿನವರಿಗೆ ದಾಟಿಸುವುದು ರಾಜವಂಶಗಳಿಗೂ ಹೊಸದಲ್ಲ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ಅಗ್ನಿವೀರರಾಗಿ ನೌಕಾಪಡೆಗೆ ಸೇರುವವರು ಮೊದಲು ಹೋಗುವುದು ಒಡಿಶಾದ ಐಎನ್‌ಎಸ್ ಚಿಲ್ಕಾಗೆ. ಅದೂ ಹಡಗಲ್ಲ, ತರಬೇತಿ ಕೇಂದ್ರ. ಹೀಗಾಗಿ 'ಐಎನ್‌ಎಸ್ ಇಂಥದ್ದರಲ್ಲಿದ್ದಾನೆ' ಎಂದ ಮಾತ್ರಕ್ಕೆ ಮಗ ಸಮುದ್ರದ ನಡುವೆ ಇದ್ದಾನೆ ಎಂದು ಮನೆಯವರು ಗಾಬರಿಯಾಗಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

- ಹೆಸರಿನ ಜೊತೆ ಇಸವಿ ನೋಡಿ. ಇಸವಿ ಇಲ್ಲದ ಸುದ್ದಿ ಎರಡರಲ್ಲಿ ಯಾವ ಹಡಗಿನದೂ ಆಗಿರಬಹುದು.
- ಹಡಗಿನ ಮೈಮೇಲಿನ ಸಂಖ್ಯೆಯೊಂದನ್ನೇ ನಂಬಬೇಡಿ. ಎರಡೂ ವಿಕ್ರಾಂತ್‌ಗಳ ಸಂಖ್ಯೆ ಆರ್11. ಎರಡೂ ಮೈಸೂರುಗಳದು 60. ಮುಂದಿನ ಅಕ್ಷರ ಮಾತ್ರ ಸಿ, ಡಿ ಎಂದು ಬೇರೆ.
- 'ಹಡಗು ಮುಳುಗಿದೆ' ಎಂಬ ಸಂದೇಶ ಬಂದರೆ ದಿನಾಂಕ ಖಚಿತಪಡಿಸಿಕೊಳ್ಳಿ. 1971ರ ಸುದ್ದಿ ಇಂದಿನದೆಂದು ಹರಿದಾಡಿದರೆ, ಮಗನನ್ನೋ ಮಗಳನ್ನೋ ನೌಕಾಪಡೆಗೆ ಕಳಿಸಿದ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಇರುವುದಿಲ್ಲ.