ಎಡಗಾಲಿಗೆ ಮತ್ತೆ ಕೆಲಸ ಕೊಟ್ಟವರು

1994ರಲ್ಲಿ ಅಮೆರಿಕದ ಷೆವ್ರೊಲೆ ಕಂಪನಿ ತನ್ನದೇ ಒಂದು ಹಳೆಯ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು: ಇಂಪಾಲ ಎಸ್‌ಎಸ್. ಪೊಲೀಸ್ ಇಲಾಖೆಗಳಿಗಾಗಿ ತಯಾರಾಗುತ್ತಿದ್ದ ಕಪ್ರೀಸ್ ಎಂಬ ದೊಡ್ಡ ಸೆಡಾನಿನ ಗಟ್ಟಿ ಬಿಡಿಭಾಗಗಳು ಇದರಲ್ಲಿದ್ದವು. ಕಾರ್ವೆಟ್ ಸ್ಪೋರ್ಟ್ಸ್ ಕಾರಿನ 5.7 ಲೀಟರ್ ವಿ8 ಎಂಜಿನ್ ತುಸು ಬದಲಾಗಿ ಇದರೊಳಗೆ ಕೂತಿತ್ತು. 260 ಅಶ್ವಶಕ್ತಿ, ಐದು ಮೀಟರಿಗೂ ಮೀರಿದ ಉದ್ದ, 1,800 ಕಿಲೊಗಿಂತ ಹೆಚ್ಚು ತೂಕ. ಮೊದಲ ವರ್ಷ ಬಂದದ್ದು ಕಪ್ಪು ಬಣ್ಣದಲ್ಲಿ ಮಾತ್ರ. ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯಿಂದ ಮೂರು ವರ್ಷಗಳಲ್ಲಿ ಸುಮಾರು 70,000 ಕಾರುಗಳು ಹೊರಬಂದವು.

ಅವುಗಳಲ್ಲಿ ಒಂದಕ್ಕೂ ಕ್ಲಚ್ ಪೆಡಲ್ ಇರಲಿಲ್ಲ. 1961ರ ಮೊದಲ ಇಂಪಾಲ ಎಸ್‌ಎಸ್ ಕಾರನ್ನು ನಾಲ್ಕು ಗೇರುಗಳ ಮ್ಯಾನುವಲ್ ಗೇರ್‌ಬಾಕ್ಸಿನೊಂದಿಗೆ ಕೊಳ್ಳಬಹುದಿತ್ತು. ಅದೇ ಹೆಸರು ಮರಳಿ ಬಂದಾಗ ಆ ಆಯ್ಕೆ ಬರಲಿಲ್ಲ. ಕೆಲವು ಮಾಲೀಕರು ಹೊಸ ಕಾರಿನ ನೆಲ ಕೊರೆದು, ಕಂಪನಿ ಕೊಡದಿದ್ದ ಗೇರ್‌ಬಾಕ್ಸನ್ನು ತಾವೇ ಕೂರಿಸತೊಡಗಿದರು. ಅನುಕೂಲಕ್ಕೆಂದೇ ಹುಟ್ಟಿದ ಯಂತ್ರವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕಷ್ಟವನ್ನು ದುಡ್ಡು ಕೊಟ್ಟು ತಂದುಕೊಂಡದ್ದು ಏಕೆ? ಇದು ತಿಳಿಯಬೇಕಾದರೆ, ಕ್ಲಚ್ ಪೆಡಲ್ ದೊಡ್ಡ ಕಾರುಗಳಿಂದ ಹೊರಬಿದ್ದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

1920ರ ದಶಕದ ಕಾರುಗಳಲ್ಲಿ ಗೇರು ಬದಲಿಸುವುದು ನಿಜಕ್ಕೂ ಕಷ್ಟದ ಕೆಲಸವಾಗಿತ್ತು. ಕ್ಲಚ್ಚನ್ನು ಎರಡೆರಡು ಬಾರಿ ಒತ್ತಿ, ಎಂಜಿನ್ನಿನ ವೇಗವನ್ನು ಗೇರಿನ ವೇಗಕ್ಕೆ ಕಿವಿಯಿಂದಲೇ ಹೊಂದಿಸಬೇಕಿತ್ತು. ತಪ್ಪಿದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಸದ್ದು. 1928ರಲ್ಲಿ ಕ್ಯಾಡಿಲಾಕ್ ಕಂಪನಿ ಸಿಂಕ್ರೊಮೆಷ್ ಎಂಬ ಏರ್ಪಾಡನ್ನು ತಂದಿತು. ಹಲ್ಲುಗಳು ಕೂಡುವ ಮೊದಲೇ ಎರಡೂ ಕಡೆಯ ವೇಗವನ್ನು ಅದು ತಾನೇ ಸರಿಮಾಡುತ್ತಿತ್ತು. ಇದರ ಹಿಂದಿದ್ದವರು ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್. ಕ್ಯಾಡಿಲಾಕ್‌ನ ಒಡೆತನ ಹೊಂದಿದ್ದ ಜನರಲ್ ಮೋಟಾರ್ಸ್‌ನಲ್ಲಿ ಇದೇ ಥಾಂಪ್ಸನ್ ಮುಂದೆ ಕ್ಲಚ್ಚನ್ನೇ ಇಲ್ಲವಾಗಿಸುವ ಕೆಲಸಕ್ಕೂ ಮುಂದಾಳಾದರು. ಅದರ ಫಲವೇ ಹೈಡ್ರಾಮ್ಯಾಟಿಕ್. ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಈ ಗೇರ್‌ಬಾಕ್ಸ್ ತನ್ನ ನಾಲ್ಕು ಗೇರುಗಳನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೆಚ್ಚುವರಿ ಹಣಕ್ಕೆ ಅದು ಸಿಗತೊಡಗಿತು. ಯುದ್ಧಕಾಲದಲ್ಲಿ ಎಂ5 ಸ್ಟುವರ್ಟ್ ಟ್ಯಾಂಕುಗಳೊಳಗೂ ಇದೇ ಗೇರ್‌ಬಾಕ್ಸ್ ಓಡಿತು.

ಜನ ಇದಕ್ಕೆ ಎಷ್ಟು ಬೇಗ ಒಗ್ಗಿಹೋದರು ಎಂಬುದಕ್ಕೆ ಒಂದು ದುರಂತ ಸಾಕ್ಷಿಯಾಯಿತು. 1953ರ ಆಗಸ್ಟ್ 12ರಂದು ಮಿಷಿಗನ್ ರಾಜ್ಯದ ಲಿವೋನಿಯದಲ್ಲಿದ್ದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಜೀವಹಾನಿಯೂ ಆಯಿತು. ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಕಾರುಗಳಿಗೆ ಗೇರ್‌ಬಾಕ್ಸ್ ಇಲ್ಲದಂತಾಯಿತು. ಆಗ ಕಂಪನಿ ಮಾಡಿದ್ದೇನು? ಎಲ್ಲರಿಗೂ ಮ್ಯಾನುವಲ್ ಕಾರುಗಳನ್ನೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ತನ್ನದೇ ಬ್ಯೂಕ್ ಮತ್ತು ಷೆವ್ರೊಲೆ ವಿಭಾಗಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳನ್ನು ತಂದು ಆ ಕಾರುಗಳಿಗೆ ಜೋಡಿಸಿ ಮಾರಿತು. ಹದಿಮೂರೇ ವರ್ಷಗಳಲ್ಲಿ ಹೆಚ್ಚುವರಿ ಸೌಕರ್ಯವೊಂದು ಬಿಡಲಾಗದ ಅಭ್ಯಾಸವಾಗಿತ್ತು.

ಭಾಷೆ ಮಾತ್ರ ಇಷ್ಟು ಬೇಗ ಬದಲಾಗಲಿಲ್ಲ. ಅಮೆರಿಕದಲ್ಲಿ ಮ್ಯಾನುವಲ್ ಗೇರಿನ ಇನ್ನೊಂದು ಹೆಸರು 'ಸ್ಟ್ಯಾಂಡರ್ಡ್'. ಕಾರಿನ ಬೆಲೆಯೊಳಗೇ ಸೇರಿ ಬರುತ್ತಿದ್ದದ್ದು ಅದು. ಆಟೊಮ್ಯಾಟಿಕ್ ಬೇಕೆಂದವರು ಮೇಲಿಷ್ಟು ಹಣ ಕೊಡಬೇಕಿತ್ತು. ಕೊಳ್ಳುವವರಲ್ಲಿ ಬಹುಪಾಲು ಜನ ಆಟೊಮ್ಯಾಟಿಕ್‌ಗೆ ಹೋದ ಮೇಲೂ, ಎಷ್ಟೋ ದೊಡ್ಡ ಕಾರುಗಳಲ್ಲಿ ಮ್ಯಾನುವಲ್ ಕೇಳಿದರೂ ಸಿಗದಂತಾದ ಮೇಲೂ, ಅದನ್ನು 'ಸ್ಟ್ಯಾಂಡರ್ಡ್' ಎಂದೇ ಕರೆಯುತ್ತಿದ್ದರು.

1994ರ ಇಂಪಾಲ ಬಂದದ್ದು ಇಂಥ ಕಾಲದಲ್ಲಿ. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೂತವರಿಗೆ ಸ್ಟಿಯರಿಂಗಿನ ಕಂಬಕ್ಕೆ ಅಂಟಿಕೊಂಡ ಗೇರಿನ ಕಡ್ಡಿ ನೆನಪಿರಬಹುದು. ಇಂಪಾಲದಲ್ಲೂ ಕಡ್ಡಿ ಅಲ್ಲೇ ಇತ್ತು. ಆದರೆ ಪದ್ಮಿನಿಯಲ್ಲಿ ಅದು ಚಾಲಕನ ಕೈ ಪ್ರತಿ ತಿರುವಿನಲ್ಲೂ ಹುಡುಕುತ್ತಿದ್ದ ಕಡ್ಡಿ. ಇಂಪಾಲದಲ್ಲಿ ಹೊರಡುವಾಗ ಒಮ್ಮೆ, ನಿಲ್ಲಿಸುವಾಗ ಒಮ್ಮೆ ಮುಟ್ಟಿದರೆ ಮುಗಿಯಿತು. 1996ರಲ್ಲಿ ಕಂಪನಿ ಅದನ್ನು ಎರಡು ಸೀಟುಗಳ ನಡುವೆ ನೆಲಕ್ಕೆ ಇಳಿಸಿತು. ನೋಡಲು ಮ್ಯಾನುವಲ್‌ನಂತೆ ಕಂಡರೂ ಕೆಳಗಿದ್ದದ್ದು ಅದೇ ನಾಲ್ಕು ಗೇರುಗಳ ಆಟೊಮ್ಯಾಟಿಕ್.

ಮಾಲೀಕರಿಗೆ ದಾರಿ ತೋರಿಸಿದ್ದು ಅದೇ ಕಂಪನಿಯ ಕಮಾರೊ ಕಾರು. ಎಲ್‌ಟಿ1 ಎಂಬ ಇದೇ ಎಂಜಿನ್ ಬಳಗದ ಜೊತೆಗೆ ಕಮಾರೊದಲ್ಲಿ ಟಿ56 ಎಂಬ ಆರು ಗೇರುಗಳ ಮ್ಯಾನುವಲ್ ಗೇರ್‌ಬಾಕ್ಸ್ ಇತ್ತು. ಎಂಜಿನ್ ಹೊಂದುವುದಾದರೆ ಗೇರ್‌ಬಾಕ್ಸೂ ಹೊಂದಬೇಕು. ಲೆಕ್ಕ ಸರಳ, ಕೆಲಸ ಹಾಗಿರಲಿಲ್ಲ.

ಮೊದಲು ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೂ ಅದರ ಟಾರ್ಕ್ ಕನ್ವರ್ಟರನ್ನೂ ಇಳಿಸಬೇಕು. ಎಂಜಿನ್ನಿನ ಬೆನ್ನಿಗಿದ್ದ ತೆಳು ತಗಡಿನ ಜಾಗಕ್ಕೆ ಭಾರದ ಫ್ಲೈವೀಲ್, ಅದರ ಮೇಲೆ ಕ್ಲಚ್. ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿಯನ್ನೂ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ದಂಡವನ್ನೂ ಹೊಸ ಅಳತೆಗೆ ಹೊಂದಿಸಬೇಕು. ಗೇರಿನ ಕಡ್ಡಿ ಮೇಲೆ ಬರಲು ನೆಲದಲ್ಲಿ ತೂತು ಬೇಕು. ಅಗಲವಾದ ಬ್ರೇಕ್ ಪೆಡಲನ್ನು ಕಿರಿದು ಮಾಡಿ ಪಕ್ಕದಲ್ಲಿ ಕ್ಲಚ್ ಪೆಡಲಿಗೆ ಜಾಗ ಮಾಡಬೇಕು. ಅದರಾಚೆ ಎಡಕ್ಕೆ ಕಾಲಿನಿಂದ ಒತ್ತುವ ಪಾರ್ಕಿಂಗ್ ಬ್ರೇಕ್ ಮೊದಲೇ ಕೂತಿದೆ. ಏರಿನಲ್ಲಿ ನಿಂತ ಮ್ಯಾನುವಲ್ ಕಾರನ್ನು ಹೊರಡಿಸುವಾಗ ಆ ಬ್ರೇಕ್ ನೆರವಿಗೆ ಬರುವುದು ಕಷ್ಟ, ಏಕೆಂದರೆ ಎಡಗಾಲು ಕ್ಲಚ್ಚಿನ ಮೇಲಿರುತ್ತದೆ.

ಕಣ್ಣಿಗೆ ಕಾಣದ ತೊಡಕು ಕಂಪ್ಯೂಟರಿನದು. ಈ ಕಾರಿನಲ್ಲಿ ಎಂಜಿನ್ನನ್ನೂ ಆಟೊಮ್ಯಾಟಿಕ್ ಗೇರುಗಳನ್ನೂ ನಡೆಸುವುದು ಒಂದೇ ಕಂಪ್ಯೂಟರ್. ಗೇರ್‌ಬಾಕ್ಸ್ ಮಾಯವಾದರೆ ಅದು ದೋಷವಿದೆಯೆಂದು ದೀಪ ಹೊತ್ತಿಸುತ್ತದೆ. ಹಾಗಾಗಿ ಅದರ ಪ್ರೋಗ್ರಾಮನ್ನೂ ತಿದ್ದಬೇಕು.

ಕೊನೆಗೆ ಗುಣಾಕಾರದ ಪ್ರಶ್ನೆ. ಆಟೊಮ್ಯಾಟಿಕ್‌ನ ಮೊದಲ ಗೇರಿನ ಅನುಪಾತ 3.06, ಹಿಂಬದಿ ಆಕ್ಸಲಿನದು 3.08, ಗುಣಿಸಿದರೆ 9.4. ಇದರ ಮೇಲೆ ಹೊರಡುವ ಕ್ಷಣದಲ್ಲಿ ಟಾರ್ಕ್ ಕನ್ವರ್ಟರಿನ ಎಳೆತವೂ ಸೇರುತ್ತದೆ. ಕಮಾರೊ ಗೇರ್‌ಬಾಕ್ಸಿನ ಮೊದಲ ಗೇರು 2.66, ಗುಣಿಸಿದರೆ 8.2 ಮಾತ್ರ. ಇಷ್ಟು ಭಾರದ ಕಾರು ಜಾಗ ಬಿಟ್ಟು ಕದಲಲು ಕ್ಲಚ್ಚನ್ನು ಸವೆಸಬೇಕಾಗುತ್ತದೆ. ಆರನೆಯ ಗೇರಿನಲ್ಲಂತೂ ಎಂಜಿನ್ ಏದುಸಿರು ಬಿಡುತ್ತದೆ. ಆದ್ದರಿಂದ ಹಲವರು ಆಕ್ಸಲಿನ ಗೇರನ್ನೂ 3.73ಕ್ಕೋ 4.10ಕ್ಕೋ ಬದಲಿಸಿದರು. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಬಿಡುವಂತಿಲ್ಲ.

ಕಂಪನಿಯೇ ಇದನ್ನು ಮಾಡಬಹುದಿತ್ತಲ್ಲ ಎನಿಸುವುದು ಸಹಜ. ಅಮೆರಿಕದಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ಪ್ರತಿ ಹೊಸ ಜೋಡಿಗೂ ಹೊಗೆ ಮತ್ತು ಇಂಧನ ಬಳಕೆಯ ಪರೀಕ್ಷೆ ಬೇರೆಯಾಗಿ ನಡೆಯಬೇಕು. ದೊಡ್ಡ ಸೆಡಾನಿನಲ್ಲಿ ಕ್ಲಚ್ ಬಯಸುವವರು ಕೆಲವೇ ಮಂದಿ. ಅಲ್ಲದೆ ಆ ಕಾರಿನ ದಿನಗಳೇ ಮುಗಿಯುತ್ತ ಬಂದಿದ್ದವು: 1996ರ ಡಿಸೆಂಬರಿನಲ್ಲಿ ತಯಾರಿಕೆ ನಿಂತಿತು, ಆರ್ಲಿಂಗ್ಟನ್ ಕಾರ್ಖಾನೆ ದೊಡ್ಡ ಎಸ್‌ಯುವಿಗಳಿಗೆ ಹೊರಳಿತು. ಬಹುಪಾಲಿನವರಿಗೆ ಒಪ್ಪಿಗೆಯಾದದ್ದನ್ನು ಕಾರ್ಖಾನೆ ಮಾಡುತ್ತದೆ. ಉಳಿದ ಕೆಲವರ ಆಸೆಗೆ ಅದರ ಲೆಕ್ಕದಲ್ಲಿ ಜಾಗವಿರುವುದಿಲ್ಲ.

ಭಾರತದಲ್ಲಿ ಹೊಳೆ ಹರಿದದ್ದು ಇದರ ಎದುರು ದಿಕ್ಕಿಗೆ. 2014ರಲ್ಲಿ ಬಂದ ಮಾರುತಿ ಸೆಲೆರಿಯೊದ ಎಎಂಟಿಯಲ್ಲಿ ಮ್ಯಾನುವಲ್ ಗೇರ್‌ಬಾಕ್ಸ್ ಇದ್ದಲ್ಲೇ ಇತ್ತು, ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಲಾಗಿತ್ತು. ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕ್ಲಚ್ ತುಳಿದವರಿಗೆ ಅದು ಬಿಡುಗಡೆ. ಇಂಪಾಲದ ಮಾಲೀಕರು ಹಳೆಯದಕ್ಕೆ ಅಂಟಿಕೊಂಡವರು ಎಂದು ಅವರನ್ನು ತಳ್ಳಿಹಾಕುವುದೂ ಸರಿಯಲ್ಲ. ನಾಲ್ಕು ಬಾಗಿಲು, ಎಲ್‌ಟಿ1 ಎಂಜಿನ್, ಆರು ಗೇರುಗಳ ಇಂಪಾಲ ಹಿಂದೆ ಎಂದೂ ಇರಲೇ ಇಲ್ಲ. ಅವರು ಕಟ್ಟಿದ್ದು ಕಂಪನಿ ಮಾಡದೇ ಬಿಟ್ಟ ಕಾರನ್ನು. ಯಾವಾಗ ಯಾವ ಗೇರು ಎಂಬ ತೀರ್ಮಾನ ತಮ್ಮದಾಗಿರಲಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಆ ಬೇಡಿಕೆ ತಡವಾಗಿಯಾದರೂ ಕಂಪನಿಯ ಕಿವಿಗೆ ಬಿತ್ತು. ಆಸ್ಟ್ರೇಲಿಯದಲ್ಲಿ ತಯಾರಾಗುತ್ತಿದ್ದ ಷೆವ್ರೊಲೆ ಎಸ್‌ಎಸ್ ಎಂಬ ವಿ8 ಸೆಡಾನ್ 2014ರಲ್ಲಿ ಆಟೊಮ್ಯಾಟಿಕ್ ಮಾತ್ರವಾಗಿತ್ತು. 2015ರ ಮಾದರಿಗೆ ಆರು ಗೇರುಗಳ ಮ್ಯಾನುವಲ್ ಸೇರಿತು. 2017ರಲ್ಲಿ ಅದೂ ನಿಂತಿತು. ಬಳಿಕ 2022ರ ಮಾದರಿಯಾಗಿ ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್ ಬಂದಿತು: 668 ಅಶ್ವಶಕ್ತಿಯ ವಿ8, ನಾಲ್ಕು ಬಾಗಿಲು, ಮೂರು ಪೆಡಲು. ಸಿಂಕ್ರೊಮೆಷ್‌ನಿಂದ ಗೇರನ್ನು ಹಗುರ ಮಾಡಿದ, ಆಮೇಲೆ ಹೈಡ್ರಾಮ್ಯಾಟಿಕ್‌ಗೆ ಬೇಗನೆ ಒಲಿದ ಕಂಪನಿಯೇ ಇದು. ಈ ಕಾರಿನ ಬೆಲೆಯೊಳಗೆ ಸೇರಿ ಬರುವುದು ಮ್ಯಾನುವಲ್. ಆಟೊಮ್ಯಾಟಿಕ್ ಬೇಕೆಂದವರು ಹೆಚ್ಚು ಹಣ ಕೊಡಬೇಕು. 'ಸ್ಟ್ಯಾಂಡರ್ಡ್' ಎಂಬ ಆ ಹಳೆಯ ಮಾತು ಈ ಒಂದು ಕಾರಿನ ಮಟ್ಟಿಗಾದರೂ ಮತ್ತೆ ನಿಜವಾಯಿತು.