ಬಣ್ಣ ಹಚ್ಚುವ ಮುನ್ನ: ಕನ್ನಡ ನಟರ ಹೊಟ್ಟೆಪಾಡಿನ ಕಥೆ

ನಟರ ಜೀವನಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮೊದಲ ಯಶಸ್ಸಿನ ಬಳಿಗೆ ಬೇಗ ಬಂದು ಮುಟ್ಟುತ್ತಾರೆ. ಅದಕ್ಕೆ ಮುಂಚಿನ ಹತ್ತು ಹದಿನೈದು ವರ್ಷಗಳು ‘ಕಷ್ಟದ ದಿನಗಳು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾಗಬೇಕಾದದ್ದು ಆ ವರ್ಷಗಳೇ. ಅವಕಾಶ ಬರುವವರೆಗೆ ನಟನಿಗೆ ಅನ್ನ ಕೊಟ್ಟವರು ಯಾರು? ಮನೆಬಾಡಿಗೆ ಎಲ್ಲಿಂದ ಬಂತು? ಹಗಲು ದುಡಿದು ಸಂಜೆ ಅಭ್ಯಾಸಕ್ಕೆ ಓಡಿದವರು ಹೇಗೆ ನಿಭಾಯಿಸಿದರು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಕನ್ನಡ ರಂಗಭೂಮಿ ಮತ್ತು ಚಲನಚಿತ್ರದ ಇತಿಹಾಸ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ಮೊದಲಿಗೆ ವೃತ್ತಿ ನಾಟಕ ಕಂಪನಿಗಳನ್ನು ನೋಡೋಣ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿನ ಮನೆಮಾತಾಗಿಸಿದರು. ಬಾಲ್ಯದಲ್ಲೇ ಕಂಪನಿ ಸೇರಿ ಮುಂದೆ ಅದರ ಮಾಲೀಕರೇ ಆದವರು ಅವರು. ಆ ಕಾಲದಲ್ಲಿ ನಟನಾಗಬೇಕೆಂದವನಿಗೆ ಎರಡನೆಯ ಉದ್ಯೋಗ ಬೇಕಿರಲಿಲ್ಲ. ಕಂಪನಿಯೇ ಅವನ ಮನೆ, ಶಾಲೆ ಮತ್ತು ಅಡುಗೆಮನೆ. ಹುಡುಗನೊಬ್ಬ ಕಂಪನಿ ಸೇರಿದರೆ ಮೊದಲು ಸಿಗುತ್ತಿದ್ದುದು ಪಾತ್ರವಲ್ಲ, ಕೆಲಸ. ಪರದೆ ಎಳೆಯುವುದು, ಉಡುಪು ಮಡಚಿಡುವುದು, ಹಿರಿಯರಿಗೆ ಬೇಕಾದ್ದನ್ನು ತಂದುಕೊಡುವುದು, ಇವುಗಳ ನಡುವೆ ಸಂಗೀತಾಭ್ಯಾಸ ಮತ್ತು ಸಂಭಾಷಣೆಯ ಕಂಠಪಾಠ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನ ಆಡಿಷನ್ ಒಂದು ದಿನದಲ್ಲಿ ಮುಗಿಯುತ್ತಿರಲಿಲ್ಲ, ವರ್ಷಗಟ್ಟಲೆ ನಡೆಯುತ್ತಿತ್ತು.

ಆದರೆ ಈ ಆಶ್ರಯಕ್ಕೂ ಒಂದು ಮಿತಿಯಿತ್ತು. ಕಂಪನಿಯ ಆದಾಯ ನಿಂತಿದ್ದುದು ಟಿಕೇಟಿನ ಮೇಲೆ. ಕ್ಯಾಂಪು ಹಾಕಿದ ಊರಿನಲ್ಲಿ ಮಳೆ ಹಿಡಿದರೆ, ಬೆಳೆ ಕೆಟ್ಟರೆ, ಕಾಯಿಲೆ ಹರಡಿದರೆ ಆಟ ನಿಲ್ಲುತ್ತಿತ್ತು. ಆಟ ನಿಂತರೆ ಸಂಬಳ ಬಾಕಿ. ಕಂಪನಿ ಮುಚ್ಚಿದರೆ ನಟನ ಕೈಯಲ್ಲಿ ಉಳಿಯುತ್ತಿದ್ದುದು ಬಾಯಿಪಾಠವಾದ ಪಾತ್ರಗಳು ಮಾತ್ರ.

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಅದರಲ್ಲಿ ಇಂದ್ರಜಿತುವಾಗಿ ನಟಿಸಿದ ಸುಬ್ಬಯ್ಯನಾಯ್ಡು ಅವರೂ ರಾವಣನಾದ ಆರ್. ನಾಗೇಂದ್ರರಾಯರೂ ನಾಟಕರಂಗದಿಂದಲೇ ಬಂದವರು. ಆ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಮುಂದೆ ಹಲವು ದಶಕಗಳ ಕಾಲ ಕನ್ನಡ ಚಿತ್ರಗಳ ಮುಖ್ಯ ನೆಲೆ ಮದರಾಸಿನ ಸ್ಟುಡಿಯೋಗಳಾದವು. ಹೀಗಾಗಿ ಸಿನಿಮಾ ನಟನಾಗಬೇಕೆಂಬ ಕನ್ನಡಿಗನಿಗೆ ಹೊಸದೊಂದು ಖರ್ಚು ಹುಟ್ಟಿಕೊಂಡಿತು. ಪರಸ್ಥಳಕ್ಕೆ ಹೋಗಿ, ಬಾಡಿಗೆ ಕೋಣೆ ಹಿಡಿದು, ಕರೆ ಬರುವವರೆಗೂ ಕಾಯುವ ಖರ್ಚು ಅದು. ಕಂಪನಿಯಲ್ಲಿ ಕಾಯುವವನಿಗೆ ಊಟವಾದರೂ ಸಿಗುತ್ತಿತ್ತು; ಸ್ಟುಡಿಯೋದ ಬಾಗಿಲಲ್ಲಿ ಕಾಯುವವನಿಗೆ ಅದೂ ಇಲ್ಲ.

ಈ ಎರಡು ಕಾಲಗಳ ನಡುವೆ ನಿಂತವರು ಡಾ. ರಾಜಕುಮಾರ್. 1929ರಲ್ಲಿ ಹುಟ್ಟಿದ ಮುತ್ತುರಾಜ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಮಗನ ಶಾಲೆಯ ಓದು ಎಳವೆಯಲ್ಲೇ ನಿಂತಿತು, ಕಂಪನಿಯ ಓದು ಶುರುವಾಯಿತು. 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಸಪ್ತರ್ಷಿಗಳಲ್ಲಿ ಒಬ್ಬರ ಪಾತ್ರ. ಏಳು ಗಡ್ಡಗಳ ನಡುವೆ ಒಂದು ಗಡ್ಡ ಅವರದು. ಎರಡು ವರ್ಷಗಳ ನಂತರ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ್ ರಾಜಕುಮಾರ್ ಆದರು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ನಾವು ತಿಳಿಯುತ್ತೇವೆ. ವಾಸ್ತವ ಹಾಗಿರಲಿಲ್ಲ. ಆಗ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯವು. ಒಂದು ಚಿತ್ರ ಗೆದ್ದಿತೆಂದು ಮರುದಿನವೇ ಇನ್ನೊಂದು ಸಿಗುವಂತಿರಲಿಲ್ಲ. ಆಗ ರಾಜಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು ಅವರು ಸೇರಿ ಕನ್ನಡ ಕಲಾವಿದರ ಸಂಘವನ್ನು ಕಟ್ಟಿಕೊಂಡು ನಾಟಕಗಳನ್ನಾಡಿದರು. ಬೆಳ್ಳಿತೆರೆಯ ನಾಯಕ ಮತ್ತೆ ರಂಗದ ಮೇಲೆ ಬಣ್ಣ ಹಚ್ಚಿ ನಿಂತದ್ದರಲ್ಲಿ ಕಲಾಪ್ರೇಮದಷ್ಟೇ ಜೀವನೋಪಾಯವೂ ಇತ್ತು. ಇದೇ ಗೆಳೆಯರ ಸಂಘ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತಯಾರಿಸಿತು. ಅವಕಾಶಕ್ಕಾಗಿ ಒಬ್ಬೊಬ್ಬರೇ ಕಾಯುವುದಕ್ಕಿಂತ ನಾಲ್ವರು ಕೂಡಿ ಅವಕಾಶವನ್ನು ಹುಟ್ಟಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ರಾಜಕುಮಾರ್ ಹುಟ್ಟಿದ 1929ರಲ್ಲೇ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬಿ.ವಿ. ಕಾರಂತರದು ಇನ್ನೊಂದು ದಾರಿ. ಮನೆಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ ಹುಡುಗ ಅವರು. ಅವರ ಓದಿನ ಹಂಬಲವನ್ನು ಕಂಡ ವೀರಣ್ಣನವರು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಕಾರಂತರು ಅಲ್ಲಿ ಹಿಂದಿ ಎಂ.ಎ. ಓದಿದರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಕಲಿತರು. ಅಲ್ಲಿಂದ ಹೊರಬಂದ ಮೇಲೆ ಹೊಟ್ಟೆಪಾಡಿಗೆ ಮಾಡಿದ್ದು ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಕೆಲಸ. ಮಕ್ಕಳ ರಂಗಭೂಮಿಯಲ್ಲಿ ಅವರು ಮುಂದೆ ಮಾಡಿದ ಕೆಲಸಕ್ಕೂ ಈ ಮೇಷ್ಟರ ವರ್ಷಗಳಿಗೂ ನಂಟಿದೆ. ಹೊಟ್ಟೆಪಾಡಿನ ಕೆಲಸ ಯಾವಾಗಲೂ ಕಲೆಯ ಶತ್ರುವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಅರುವತ್ತರ ದಶಕದಲ್ಲಿ ನಟನ ಚಿತ್ರವೇ ಬದಲಾಯಿತು. 1963ರಲ್ಲಿ ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆಯಿತು. 1972ರಲ್ಲಿ ಅದರ ಅಂಗಳದಲ್ಲಿ ಕಾರಂತರ ನಿರ್ದೇಶನದ ‘ಜೋಕುಮಾರಸ್ವಾಮಿ’, ‘ಈಡಿಪಸ್’, ‘ಸಂಕ್ರಾಂತಿ’ ನಾಟಕಗಳು ಬಯಲಲ್ಲಿ ಪ್ರದರ್ಶನಗೊಂಡು ಹೊಸ ಅಲೆಯೆಬ್ಬಿಸಿದವು. ಈ ನಾಟಕಗಳ ಕಾಲದ ನಟ ಕಂಪನಿಯ ನಟನಲ್ಲ, ಅವನು ಹವ್ಯಾಸಿ. ಹವ್ಯಾಸಿ ಎಂದರೆ ಬೇರೆಲ್ಲೋ ಸಂಬಳ ಪಡೆಯುವವನು ಎಂದೇ ಅರ್ಥ. ಆ ವೇಳೆಗೆ ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮುಂತಾದ ಸಾರ್ವಜನಿಕ ಉದ್ದಿಮೆಗಳು ಬೆಳೆದಿದ್ದವು. ಬ್ಯಾಂಕುಗಳು, ವಿಮಾ ಕಚೇರಿಗಳು, ಸರ್ಕಾರಿ ಇಲಾಖೆಗಳು ಸಾವಿರಾರು ಯುವಕರಿಗೆ ಕೆಲಸ ಕೊಟ್ಟಿದ್ದವು. ಕಾರ್ಖಾನೆಗಳ ಕನ್ನಡ ಸಂಘಗಳೂ ಲಲಿತಕಲಾ ಸಂಘಗಳೂ ನಾಟಕಕ್ಕೆ ನೀರೆರೆದವು. ಹವ್ಯಾಸಿ ರಂಗಭೂಮಿಯ ಈ ಚಿನ್ನದ ಕಾಲಕ್ಕೆ ತಿಂಗಳ ಸಂಬಳದ ಉದ್ಯೋಗವೇ ಕಾಣದ ಪೋಷಕನಾಗಿತ್ತು ಎಂದರೆ ತಪ್ಪಾಗಲಾರದು.

ಈ ಇಬ್ಬಗೆಯ ಬದುಕು ಸುಲಭವಾಗಿರಲಿಲ್ಲ. ಬೆಳಗಿನ ಪಾಳಿ ಮುಗಿಸಿ ಬಸ್ಸು ಹಿಡಿದು ಅಭ್ಯಾಸಕ್ಕೆ ಬರಬೇಕು. ಪಾಳಿ ಬದಲಾದರೆ ಇಡೀ ತಂಡ ಒಬ್ಬನಿಗಾಗಿ ಕಾಯಬೇಕು. ಪ್ರದರ್ಶನದ ದಿನವೇ ಮೇಲಧಿಕಾರಿ ರಜೆ ನಿರಾಕರಿಸಿದರೆ ಇಲ್ಲದ ನೆಂಟರ ಮದುವೆಯ ನೆಪ ಹೂಡಬೇಕು. ರಾತ್ರಿ ಆಟ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೊರಟಿರುತ್ತದೆ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ರುಜು ಹಾಕುವಾಗ ಕಿವಿಯ ಹಿಂದೆ ನಿನ್ನೆಯ ಬಣ್ಣ ಇನ್ನೂ ಉಳಿದಿರುತ್ತದೆ. ಇಂಥ ಪ್ರಸಂಗಗಳು ರಂಗಕರ್ಮಿಗಳು ಕೂಡಿದಲ್ಲಿ ನಗೆಯ ವಸ್ತುಗಳಾದರೂ, ಅವುಗಳ ಹಿಂದಿದ್ದ ದಣಿವು ನಗುವಂಥದ್ದಲ್ಲ.

ಹೀಗೆ ಹಗಲು ಒಂದು, ಸಂಜೆ ಒಂದು ಬದುಕಿದವರಲ್ಲಿ ಹೆಸರಾಂತರೂ ಇದ್ದಾರೆ. ಗಿರೀಶ್ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಉದ್ಯೋಗಿ; ಅದೇ ವರ್ಷಗಳಲ್ಲಿ ‘ಮದ್ರಾಸ್ ಪ್ಲೇಯರ್ಸ್’ ಹವ್ಯಾಸಿ ತಂಡದ ಸದಸ್ಯರೂ ಹೌದು. 1970ರ ‘ಸಂಸ್ಕಾರ’ ಚಿತ್ರದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಅವರನ್ನು ತೆರೆಗೆ ತಂದಿತು. ಕೆಲಸ ಬಿಟ್ಟ ಮೇಲೆ ಅವರಿಗೆ ಆಸರೆಯಾದದ್ದು ಹೋಮಿ ಭಾಭಾ ಫೆಲೋಶಿಪ್. ಕೈಯಲ್ಲಿದ್ದ ಕೊಂಬೆಯನ್ನು ಬಿಟ್ಟಾಗ ಹಿಡಿಯಲು ಇನ್ನೊಂದು ಕೊಂಬೆ ಇತ್ತು ಎಂಬುದು ಗಮನಾರ್ಹ.

ಕಾರ್ನಾಡರು ನಿರ್ದೇಶಿಸಿದ ‘ಕಾಡು’ (1973) ಚಿತ್ರದಲ್ಲಿ ನಟಿಸಿದ ಅಮರೀಶ್ ಪುರಿ ಅವರ ಕಥೆ ಇನ್ನೂ ದೀರ್ಘವಾದದ್ದು. ಅಣ್ಣ ಮದನ್ ಪುರಿ ಆಗಲೇ ಹಿಂದಿ ಚಿತ್ರಗಳಲ್ಲಿ ಹೆಸರು ಮಾಡಿದ್ದರು. ಆದರೂ ಮುಂಬಯಿಗೆ ಬಂದ ತಮ್ಮ 1954ರಲ್ಲಿ ಸ್ಕ್ರೀನ್ ಟೆಸ್ಟ್‌ನಲ್ಲಿ ನಪಾಸಾದರು. ಮದರಾಸಿನಲ್ಲಿ ‘ಬೇಡರ ಕಣ್ಣಪ್ಪ’ನಿಗೆ ಬಾಗಿಲು ತೆರೆದ ವರ್ಷವೇ ಮುಂಬಯಿಯಲ್ಲಿ ಇವರಿಗೆ ಬಾಗಿಲು ಮುಚ್ಚಿತು. ಪುರಿಯವರು ನೌಕರರ ರಾಜ್ಯ ವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರಿದರು. ಸುಮಾರು ಎರಡು ದಶಕ ಅಲ್ಲಿ ದುಡಿದರು. ಸಂಜೆಗಳು ಮಾತ್ರ ನಾಟಕಕ್ಕೆ ಮೀಸಲು. ‘ನಿಶಾಂತ್’ (1975), ‘ಮಂಥನ್’ (1976) ಚಿತ್ರಗಳಿಂದ ಅವರು ದೇಶಕ್ಕೆ ಪರಿಚಿತರಾಗುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಅವರ ಕಂಚಿನ ಕಂಠ ಮಾಗಿದ್ದು ಗುಮಾಸ್ತಿಕೆಯ ಸಂಬಳದಲ್ಲಿ.

ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ಗಾಯಕ್‌ವಾಡ್ ಅವರ ಕಥೆ ಎಲ್ಲರಿಗೂ ಗೊತ್ತು. ಕೂಲಿ, ಮರಗೆಲಸ ಮುಂತಾದ ಕೆಲಸಗಳನ್ನು ಮಾಡಿದ ಮೇಲೆ ನಗರ ಸಾರಿಗೆಯಲ್ಲಿ ಟಿಕೇಟು ಹರಿಯುವ ಕೆಲಸ ಸಿಕ್ಕಿತು. ಬಿಡುವಿನಲ್ಲಿ ಕನ್ನಡ ನಾಟಕಗಳಲ್ಲಿ ಪಾತ್ರ ವಹಿಸಿದರು. 1973ರಲ್ಲಿ ಮದರಾಸಿನ ಫಿಲಂ ಇನ್ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಕೆ. ಬಾಲಚಂದರ್ ಅವರ ‘ಅಪೂರ್ವ ರಾಗಂಗಳ್’ ಎಂಬ ತಮಿಳು ಚಿತ್ರದಲ್ಲಿ ಸಣ್ಣ ಪಾತ್ರ, 1976ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಕಥಾ ಸಂಗಮ’ದಲ್ಲಿ ಒಂದು ಪಾತ್ರ, ರಜನೀಕಾಂತ್ ಹುಟ್ಟಿದ್ದು ಹೀಗೆ. ಈ ಕಥೆಯನ್ನು ‘ಅದೃಷ್ಟ’ ಎಂದು ಹೇಳುವುದು ರೂಢಿ. ಆದರೆ ಕೆಲಸ ಬಿಟ್ಟು ಓದಿಗೆ ಕುಳಿತಾಗ ಬೆನ್ನಿಗೆ ನಿಂತವರು ಮನೆಯಲ್ಲಿ ಅಣ್ಣ, ಹೊರಗೆ ಅದೇ ಬಸ್ಸಿನ ಚಾಲಕನಾಗಿದ್ದ ಗೆಳೆಯ. 2021ರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸ್ವೀಕರಿಸಿದಾಗ ರಜನೀಕಾಂತ್ ವೇದಿಕೆಯಲ್ಲೇ ಇವರಿಬ್ಬರನ್ನು ನೆನೆದರು. ಆ ಪ್ರಶಸ್ತಿಯಲ್ಲಿ ಸ್ಟೀರಿಂಗ್ ಹಿಡಿದ ಕೈಗಳ ಪಾಲೂ ಇದೆ.

ಈವರೆಗೆ ಹೇಳಿದವರೆಲ್ಲ ಪುರುಷರು. ಅದಕ್ಕೆ ಕಾರಣವಿದೆ. ಗುಬ್ಬಿ ಕಂಪನಿ ಸ್ತ್ರೀಪಾತ್ರಗಳಿಗೆ ನಟಿಯರನ್ನೇ ತಂದು ಬಿ. ಜಯಮ್ಮನವರಂಥ ಕಲಾವಿದೆಯರನ್ನು ಬೆಳೆಸಿದ್ದು ನಿಜ. ಆದರೆ ಹವ್ಯಾಸಿ ರಂಗಭೂಮಿಯ ವೇಳಾಪಟ್ಟಿ ಹೆಣ್ಣುಮಕ್ಕಳಿಗೆ ಹೊಂದುವಂಥದ್ದಾಗಿರಲಿಲ್ಲ. ಗಂಡಸಿಗೆ ಎರಡು ಪಾಳಿಯಾದರೆ ಹೆಂಗಸಿಗೆ ಮೂರು: ಮನೆ, ಕೆಲಸ, ನಾಟಕ. ಅದರ ಮೇಲೆ ರಾತ್ರಿ ಹತ್ತಕ್ಕೆ ಮನೆಗೆ ಮರಳಿದಾಗ ನೆರೆಹೊರೆಯವರ ನೋಟ ಬೇರೆ. ಒಂಟಿಯಾಗಿ ಮಕ್ಕಳನ್ನು ಸಾಕುತ್ತಲೇ ಉಮಾಶ್ರೀಯವರು ‘ಒಡಲಾಳ’ ನಾಟಕದ ಸಾಕವ್ವನಾಗಿ ಮನೆಮಾತಾದರು. ‘ಗುಲಾಬಿ ಟಾಕೀಸ್’ (2008) ಚಿತ್ರದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆಯುವವರೆಗಿನ ಅವರ ಹಾದಿ ಈ ಮೂರು ಪಾಳಿಗಳ ಹಾದಿ.

ಕಾಯುವ ನಟನಿಗೆ ಸಮಾಜವೇ ಆಸರೆ ಕೊಡಬಹುದೇ ಎಂಬ ಯೋಚನೆ ಸಾಂಸ್ಥಿಕ ರೂಪ ಪಡೆದದ್ದು ಎಂಬತ್ತರ ದಶಕದಲ್ಲಿ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಕಲಿತ ಯುವಕ ಯುವತಿಯರು ಊರೂರು ಸುತ್ತಿ ನಾಟಕವಾಡುತ್ತ ಅದರಿಂದಲೇ ಜೀವನ ನಡೆಸುವ ಏರ್ಪಾಡು ಇದು. 1989ರಲ್ಲಿ ಮೈಸೂರಿನಲ್ಲಿ ಸರ್ಕಾರದ ನೆರವಿನಿಂದ ಹುಟ್ಟಿದ ರಂಗಾಯಣ, ಕಾರಂತರ ನೇತೃತ್ವದಲ್ಲಿ, ನಟರಿಗೆ ತಿಂಗಳ ಸಂಬಳ ಕೊಟ್ಟಿತು. ಹಿಂದೆ ಕಂಪನಿಯ ಮಾಲೀಕ ಹೊರುತ್ತಿದ್ದ ಹೊಣೆಯನ್ನು ಸಾರ್ವಜನಿಕರ ಹಣ ಹೊತ್ತುಕೊಂಡಿತು ಎನ್ನಬಹುದು. ಆದರೆ ಇಲ್ಲಿ ಸ್ಥಾನಗಳು ಕೆಲವೇ, ಆಕಾಂಕ್ಷಿಗಳು ಹಲವರು.

ದೂರದರ್ಶನ ಮತ್ತು ಆಮೇಲೆ ಬಂದ ಖಾಸಗಿ ವಾಹಿನಿಗಳ ಧಾರಾವಾಹಿಗಳು ನಟರಿಗೆ ದಿನಗೂಲಿಯ ಹೊಸ ಮಾರ್ಗ ತೆರೆದವು. ಈಗ ಮೊಬೈಲಿನಲ್ಲಿ ಚಿತ್ರೀಕರಿಸಿದ ತುಣುಕನ್ನು ಕಳುಹಿಸಿ ಪಾತ್ರ ಕೇಳುವ ಕಾಲ. ಮದರಾಸಿನ ರೈಲು ಹತ್ತಬೇಕಾಗಿಲ್ಲ. ಆದರೆ ಕಾಯುವುದು ತಪ್ಪಿಲ್ಲ. ಕಾಯುವಾಗ ಬಾಡಿಗೆ ಕಟ್ಟುವುದೂ ತಪ್ಪಿಲ್ಲ. ಪಾತ್ರ ಕೊಡಿಸುತ್ತೇವೆಂದು ಮೊದಲೇ ಹಣ ಕೇಳುವವರೂ ಇರುವುದರಿಂದ ಎಚ್ಚರ ಇನ್ನಷ್ಟು ಬೇಕು.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸವನ್ನು ಓದುವಾಗ ಒಂದು ಮಾತನ್ನು ಮರೆಯಬಾರದು. ನಮಗೆ ಹೆಸರು ಗೊತ್ತಿರುವುದು ಗೆದ್ದವರದು ಮಾತ್ರ. ಅಮರೀಶ್ ಪುರಿಯವರಂತೆಯೇ ಇಪ್ಪತ್ತು ವರ್ಷ ಸಂಜೆಗಳನ್ನು ನಾಟಕಕ್ಕೆ ಕೊಟ್ಟು, ಕೊನೆಗೆ ಗುಮಾಸ್ತರಾಗಿಯೇ ನಿವೃತ್ತರಾದವರು ನೂರಾರು ಮಂದಿ. ಅವರು ಸೋತವರೇ? ಅವರಿಲ್ಲದಿದ್ದರೆ ಕಲಾಕ್ಷೇತ್ರದ ದೀಪಗಳು ಅಷ್ಟು ಸಂಜೆ ಬೆಳಗುತ್ತಿರಲಿಲ್ಲ. ಕಾವಲುಗಾರ, ಸೈನಿಕ, ಊರಿನ ಗೌಡ ಇವರೆಲ್ಲ ಇಲ್ಲದೆ ನಾಯಕನೊಬ್ಬನಿಂದಲೇ ನಾಟಕ ನಡೆಯುವುದಿಲ್ಲ.

ಆದ್ದರಿಂದ ‘ಎಲ್ಲವನ್ನೂ ಬಿಟ್ಟು ಹೊರಟವನೇ ನಟನಾಗುತ್ತಾನೆ’ ಎಂಬ ಮಾತನ್ನು ಇತಿಹಾಸ ಪೂರ್ತಿಯಾಗಿ ಒಪ್ಪುವುದಿಲ್ಲ. ಮನೆಬಿಟ್ಟು ಓಡಿದ ಕಾರಂತರನ್ನು ಓದಲು ಕಳುಹಿಸಿದವರು ವೀರಣ್ಣನವರು. ರಾಜಕುಮಾರರ ಪಕ್ಕದಲ್ಲಿ ಮೂವರು ಗೆಳೆಯರಿದ್ದರು. ರಜನೀಕಾಂತರಿಗೆ ಅಣ್ಣನಿದ್ದ, ಚಾಲಕ ಮಿತ್ರನಿದ್ದ. ನಿಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿದ ಗೆಳತಿಯೋ ಗೆಳೆಯನೋ ನಾಳೆ ನಟನೆಯೇ ತನ್ನ ದಾರಿ ಎಂದು ಹೇಳಿದರೆ ಚಪ್ಪಾಳೆ ತಟ್ಟಿ ಸುಮ್ಮನಾಗಬೇಡಿ. ಓದು ಎಲ್ಲಿಯವರೆಗೆ, ಸಂಬಳ ಎಲ್ಲಿಂದ, ರಾತ್ರಿ ಮನೆ ಸೇರುವುದು ಹೇಗೆ ಎಂದು ಜೊತೆಗೆ ಕುಳಿತು ಲೆಕ್ಕ ಹಾಕಿ. ಆ ಲೆಕ್ಕದಲ್ಲಿ ಕೂಡಿಸುವ ಒಂದು ಅಂಕಿ ನೀವೂ ಆಗಬಹುದು.